ಪ್ರತಿಕ್ರಿಯೆ: ಅಡಿಕೆಗೆ ಕೊಳೆರೋಗದ ಔಷಧಿ ಹೊಡೆದ ಮರುದಿನ ತೋಟದ ಕೆಳಗಿನ ಹಳ್ಳದಲ್ಲಿ ಮೀನು ಸಾಯುತ್ತಿವೆ

ಹೆಚ್ಚಾಗಿ ಇದು ಡ್ರಮ್ಮು ತೊಳೆದ ನೀರಿನ ಕೆಲಸ. ಔಷಧಿಗೆ ಹಾಕುವ ಮೈಲುತುತ್ತದ (ಕಾಪರ್ ಸಲ್ಫೇಟ್) ತಾಮ್ರ ಮೀನಿನ ಕಿವಿರಿಗೆ ವಿಷ, ತೀರ್ಥಹಳ್ಳಿ ಕಡೆಯ ಮೆದು (ಸುಣ್ಣದಂಶ ಕಡಿಮೆ ಇರುವ) ನೀರಿನಲ್ಲಂತೂ ಇನ್ನೂ ಜಾಸ್ತಿ. ಆದರೆ ಮೀನು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕದ ಕೊರತೆಯೂ ಇರಬಹುದು, ನೋಡಿಕೊಳ್ಳಿ.

ಮೊದಲು ಬೋರ್ಡೋ, ಅಂದರೆ ತುತ್ತ-ಸುಣ್ಣ ಕಲಸಿದ ಈ ಔಷಧಿ, ಸರಿಮಾಡಿ. 1 ಕೆಜಿ ಮೈಲುತುತ್ತ 50 ಲೀಟರಿಗೆ, 1 ಕೆಜಿ ಸುಣ್ಣ 50 ಲೀಟರಿಗೆ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡಿ. ಉಜ್ಜಿ ಹೊಳಪಿಸಿದ ಕತ್ತಿ ಅದ್ದಿ ನೋಡಿ; ಅಲಗಿನ ಮೇಲೆ ಕೆಂಪು ಕೂತರೆ ಬಿಡಿ ತಾಮ್ರ ಉಳಿದಿದೆ, ಸುಣ್ಣದ ತಿಳಿ ಸೇರಿಸಿ. ಆ ದಿನಕ್ಕೆ ಬೇಕಾದಷ್ಟೇ ಕಲಸಿ.

ಹೊಡೆಯುವ ಹೊತ್ತು ಬಸಿಗಾಲುವೆಯ ಬಾಯಿಗೆ ಮಣ್ಣು ಒಡ್ಡಿ. ಡ್ರಮ್ಮು, ಪೈಪು ಹಳ್ಳದಲ್ಲಿ ಅದ್ದಲೇಬೇಡಿ. ನೀರು ಹೊತ್ತು ತಂದು, ದಂಡೆಯಿಂದ ದೂರ, ಒಣ ಜಾಗದಲ್ಲಿ ತೊಳೆಯಿರಿ.