ಓದುಗರ ಪ್ರಶ್ನೆ: ಪೊರೆಯ ಲಿಪಿಡ್ಡನ್ನು ಸೀಳುವ ಕಿಣ್ವ ಜೀವಕೋಶಕ್ಕೇಕೆ ಬೇಕು?

ಪ್ರಶ್ನೆ: ಎಷ್ಟೋ ಹಾರ್ಮೋನುಗಳು ಜೀವಕೋಶದ ಒಳಗೆ ಹೋಗುವುದೇ ಇಲ್ಲ, ಹೊರಮೈಯ ಗ್ರಾಹಕಕ್ಕೆ ಅಂಟಿಕೊಂಡಷ್ಟರಿಂದಲೇ ಒಳಗಿನ ಕೆಲಸ ಶುರುವಾಗುತ್ತದೆ ಎಂದು ಓದಿದ್ದೇನೆ. ಇದರಲ್ಲಿ ಫಾಸ್ಫೋಲೈಪೇಸ್ ಸಿ ಎಂಬ ಕಿಣ್ವಕ್ಕೆ ದೊಡ್ಡ ಪಾತ್ರವಿದೆಯಂತೆ. ಅದು ಪೊರೆಯ ಲಿಪಿಡ್ಡನ್ನೇ ಸೀಳುವುದಾದರೆ ಪೊರೆಗೆ ಹಾನಿಯಾಗುವುದಿಲ್ಲವೆ? ಸೀಳುವುದರಿಂದ ಸಂದೇಶ ಒಳಗೆ ಮುಟ್ಟುವುದಾದರೂ ಹೇಗೆ?

ಉತ್ತರ: ಮೊದಲು ಹಾನಿಯ ಮಾತನ್ನು ಮುಗಿಸಿಕೊಳ್ಳೋಣ. ನಮ್ಮ ಜೀವಕೋಶಗಳಲ್ಲಿರುವ ಫಾಸ್ಫೋಲೈಪೇಸ್ ಸಿ ಸಿಕ್ಕಸಿಕ್ಕ ಲಿಪಿಡ್ಡನ್ನೆಲ್ಲ ಸೀಳುವುದಿಲ್ಲ. ಪೊರೆಯ ಬಹುಪಾಲು ಲೆಸಿಥಿನ್‌ನಂತಹ ಸಾಮಾನ್ಯ ಫಾಸ್ಫೋಲಿಪಿಡ್‌ಗಳಿಂದ, ಅಂದರೆ ಫಾಸ್ಫೇಟ್ ಹೊತ್ತ ಕೊಬ್ಬಿನಂಥ ಅಣುಗಳಿಂದ, ಆಗಿದೆ. ಅವುಗಳ ಗೊಡವೆಗೆ ಅದು ಹೋಗುವುದಿಲ್ಲ. ಅದು ಹುಡುಕುವುದು ಫಾಸ್ಫಟಿಡೈಲ್‌ಇನೋಸಿಟಾಲ್ ಬಿಸ್‌ಫಾಸ್ಫೇಟ್, ಚಿಕ್ಕದಾಗಿ ಪಿಐಪಿ2, ಎಂಬ ಲಿಪಿಡ್ಡನ್ನು. ಪೊರೆಯ ಒಳಪದರದಲ್ಲಿರುವ ಇದು ಒಟ್ಟು ಫಾಸ್ಫೋಲಿಪಿಡ್‌ಗಳಲ್ಲಿ ಸುಮಾರು ಶೇ 1ರಷ್ಟಿರುವುದರಿಂದ, ಅದರಲ್ಲಿ ಒಂದಿಷ್ಟು ಸೀಳಿಹೋದರೂ ಪೊರೆ ತೂತು ಬೀಳುವುದಿಲ್ಲ. ನಿಮ್ಮ ಅನುಮಾನವೇನೂ ಬುಡವಿಲ್ಲದ್ದಲ್ಲ: ಗ್ಯಾಸ್ ಗ್ಯಾಂಗ್ರೀನ್ ತರುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಬ್ಯಾಕ್ಟೀರಿಯಾದ ಆಲ್ಫಾ ವಿಷವೂ ಒಂದು ಫಾಸ್ಫೋಲೈಪೇಸ್ ಸಿ ಎಂಬುದನ್ನು ಮ್ಯಾಕ್‌ಫರ್ಲೇನ್ ಮತ್ತು ನೈಟ್ 1941ರಲ್ಲಿ ತೋರಿಸಿಕೊಟ್ಟರು. ಅದು ಲೆಸಿಥಿನ್ನನ್ನೇ ಸೀಳುತ್ತದೆ, ಆದ್ದರಿಂದ ಕೆಂಪು ರಕ್ತಕಣಗಳು ಒಡೆದುಹೋಗುತ್ತವೆ. ಸೀಳುವ ಜಾಗ ಎರಡಕ್ಕೂ ಒಂದೇ. ಯಾವ ಲಿಪಿಡ್ಡನ್ನು, ಯಾರ ಅಪ್ಪಣೆಯ ಮೇಲೆ ಸೀಳುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ.

ಅಪ್ಪಣೆ ಬರುವುದು ಗ್ರಾಹಕದಿಂದ. ಹಿಸ್ಟಮಿನ್, ಆಂಜಿಯೋಟೆನ್ಸಿನ್, ಅಸಿಟೈಲ್‌ಕೋಲಿನ್ ಮುಂತಾದವು ತಮ್ಮ ತಮ್ಮ ಗ್ರಾಹಕಕ್ಕೆ ಬಂದು ಕೂತಾಗ, ಗ್ರಾಹಕ ಪ್ರೋಟೀನಿನ ಆಕಾರ ತುಸು ಬದಲಾಗಿ, ಪೊರೆಯ ಒಳಬದಿಯಲ್ಲಿರುವ ಜಿಕ್ಯೂ ಎಂಬ ಜಿ-ಪ್ರೋಟೀನು (ಸಂದೇಶ ದಾಟಿಸುವ ಸ್ವಿಚ್ಚಿನಂಥ ಪ್ರೋಟೀನು) ತಾನು ಹಿಡಿದಿದ್ದ ಜಿಡಿಪಿ ಎಂಬ ಸಣ್ಣ ಅಣುವನ್ನು ಬಿಟ್ಟು, ಅದಕ್ಕಿಂತ ಒಂದು ಫಾಸ್ಫೇಟ್ ಹೆಚ್ಚಿರುವ ಜಿಟಿಪಿಯನ್ನು ಹಿಡಿದುಕೊಳ್ಳುತ್ತದೆ. ಹೀಗೆ ಸಕ್ರಿಯಗೊಂಡ ಜಿ-ಪ್ರೋಟೀನು ಕಿಣ್ವವನ್ನು ಚುರುಕುಗೊಳಿಸುತ್ತದೆ. ಕಿಣ್ವವು ಪಿಐಪಿ2 ಅಣುವನ್ನು ಗ್ಲಿಸರಾಲ್ ಮತ್ತು ಫಾಸ್ಫೇಟ್ ಕೂಡುವ ಸಂದಿನಲ್ಲಿ ಸೀಳಿದಾಗ ಎರಡು ತುಂಡುಗಳಾಗುತ್ತವೆ, ಮತ್ತು ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿರುವುದು ಈ ತುಂಡುಗಳಲ್ಲೇ. ಡೈಅಸೈಲ್‌ಗ್ಲಿಸರಾಲ್ ಎಂಬ ತುಂಡು ಕೊಬ್ಬಿನ ಬಾಲಗಳನ್ನು ಹೊತ್ತಿರುವುದರಿಂದ ಪೊರೆಯಲ್ಲೇ ಉಳಿಯುತ್ತದೆ. ಇನೋಸಿಟಾಲ್ ಟ್ರೈಫಾಸ್ಫೇಟ್, ಅಂದರೆ ಐಪಿ3, ನೀರಿನಲ್ಲಿ ಕರಗುವಂಥದ್ದಾದ್ದರಿಂದ ಪೊರೆಯನ್ನು ಬಿಟ್ಟು ಕೋಶದ್ರವದೊಳಕ್ಕೆ ಹರಡಿಕೊಳ್ಳುತ್ತದೆ. ಹಾರ್ಮೋನು ಹೊರಗೇ ಉಳಿಯಿತು; ಒಳಗೆ ಹೋದದ್ದು ಪೊರೆಯದೇ ಒಂದು ಚೂರು.

ಐಪಿ3 ಹೋಗಿ ಸೇರುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಜಾಲದ ಮೇಲಿನ ಕಾಲುವೆಯಂಥ ಪ್ರೋಟೀನನ್ನು. ಆ ಕಾಲುವೆ ತೆರೆದುಕೊಂಡರೆ ಜಾಲದೊಳಗೆ ಕೂಡಿಟ್ಟಿದ್ದ ಕ್ಯಾಲ್ಸಿಯಂ ಹೊರಬರುತ್ತದೆ. ಇಷ್ಟು ಸಣ್ಣ ಬಿಡುಗಡೆಗೆ ಅಷ್ಟು ದೊಡ್ಡ ಪರಿಣಾಮ ಏಕೆಂದರೆ, ವಿಶ್ರಾಂತಿಯಲ್ಲಿರುವ ಕೋಶದ್ರವದಲ್ಲಿ ಮುಕ್ತ ಕ್ಯಾಲ್ಸಿಯಂ ಕೇವಲ 100 ನ್ಯಾನೋಮೋಲಾರ್‌ನಷ್ಟಿರುತ್ತದೆ. ಕೋಶದ ಹೊರಗೆ ಅದರ ಸಾಂದ್ರತೆ ಸುಮಾರು 10,000 ಪಟ್ಟು ಹೆಚ್ಚು. ಜೀವಕೋಶ ಸದಾ ಶಕ್ತಿ ವ್ಯಯಿಸಿ ಕ್ಯಾಲ್ಸಿಯಂ ಅನ್ನು ಹೊರದಬ್ಬುತ್ತ ಈ ಅಂತರವನ್ನು ಕಾಯ್ದುಕೊಂಡಿರುವುದರಿಂದಲೇ ಅದರ ಸ್ವಲ್ಪ ಏರಿಕೆಯೂ ಸುದ್ದಿಯಾಗುತ್ತದೆ. ಸ್ನಾಯುಕೋಶ ಸಂಕುಚಿಸುತ್ತದೆ, ಗ್ರಂಥಿಕೋಶ ಸ್ರವಿಸುತ್ತದೆ. ಅತ್ತ ಪೊರೆಯಲ್ಲಿ ಉಳಿದ ಡೈಅಸೈಲ್‌ಗ್ಲಿಸರಾಲ್, ಕ್ಯಾಲ್ಸಿಯಂನ ಜೊತೆಗೂಡಿ, ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಪ್ರೋಟೀನ್ ಕೈನೇಸ್ ಸಿ ಎಂಬ ಇನ್ನೊಂದು ಕಿಣ್ವವನ್ನು ಪೊರೆಗೆ ಕರೆದುಕೊಂಡು ಸಕ್ರಿಯಗೊಳಿಸುತ್ತದೆ.

ಇದೆಲ್ಲ ಬಿಡಿಬಿಡಿಯಾಗಿ ತಿಳಿದುಬಂದ ಸಂಗತಿ. 1953ರಲ್ಲಿ ಮೇಬಲ್ ಮತ್ತು ಲೊವೆಲ್ ಹೋಕಿನ್ ದಂಪತಿ ಪಾರಿವಾಳದ ಮೇದೋಜೀರಕ ಗ್ರಂಥಿಯ ಚೂರುಗಳಿಗೆ ಅಸಿಟೈಲ್‌ಕೋಲಿನ್ ಹಾಕಿದಾಗ, ವಿಕಿರಣಶೀಲ ರಂಜಕವು ಫಾಸ್ಫೋಲಿಪಿಡ್‌ಗಳೊಳಗೆ ಹೆಚ್ಚು ವೇಗವಾಗಿ ಸೇರಿಕೊಳ್ಳುವುದನ್ನು ಕಂಡರು. ಸ್ರವಿಸುವ ಗ್ರಂಥಿಗೆ ತನ್ನ ಲಿಪಿಡ್ಡನ್ನು ಹೊಸದಾಗಿ ಕಟ್ಟುವ ಅಗತ್ಯವೇನಿತ್ತು? ಈ ಲಿಪಿಡ್ಡಿನ ಒಡೆತಕ್ಕೂ ಕ್ಯಾಲ್ಸಿಯಂ ಸಂದೇಶಕ್ಕೂ ನಂಟಿದೆಯೆಂದು ರಾಬರ್ಟ್ ಮಿಚೆಲ್ ವಾದಿಸಿದ್ದು 1975ರಲ್ಲಿ. ಐಪಿ3 ಒಳಜಾಲದಿಂದ ಕ್ಯಾಲ್ಸಿಯಂ ಬಿಡಿಸುತ್ತದೆಂದು ಸ್ಟ್ರೆಬ್, ಅರ್ವಿನ್, ಬೆರಿಡ್ಜ್ ಮತ್ತು ಶುಲ್ಟ್ಸ್ ಪ್ರಕಟಿಸಿದ್ದು 1983ರಲ್ಲಿ, ಅದೂ ಮೇದೋಜೀರಕದ ಕೋಶಗಳಲ್ಲೇ. ಡೈಅಸೈಲ್‌ಗ್ಲಿಸರಾಲ್‌ನ ಪಾತ್ರವನ್ನು ಬಿಡಿಸಿದ ಕೀರ್ತಿ ಜಪಾನಿನ ಯಸುತೋಮಿ ನಿಶಿಜುಕಾ ಅವರ ಪ್ರಯೋಗಶಾಲೆಗೆ ಸಲ್ಲುತ್ತದೆ. ಲಿಪಿಡ್ ಎಂದರೆ ಗೋಡೆ ಕಟ್ಟುವ ಇಟ್ಟಿಗೆ ಎಂಬ ಅಭ್ಯಾಸಬಲ ಈ 30 ವರ್ಷಗಳ ವಿಳಂಬಕ್ಕೆ ಒಂದು ಕಾರಣವಾಗಿದ್ದಿರಬೇಕೆಂದು ನನಗನ್ನಿಸುತ್ತದೆ.

ಸಸ್ತನಿಗಳಲ್ಲಿ ಈ ಕಿಣ್ವದ 13 ರೂಪಗಳಿವೆ. ಮೇಲೆ ಹೇಳಿದ್ದು ಬೀಟಾ ಗುಂಪಿನದು; ನಾಲಿಗೆಯಲ್ಲಿ ಸಿಹಿ ಮತ್ತು ಕಹಿಯ ಅರಿವಿಗೆ ಬೇಕಾದದ್ದೂ ಈ ಗುಂಪಿನದೇ. ಗಾಮಾ ಗುಂಪು ಜಿ-ಪ್ರೋಟೀನನ್ನು ಕಾಯುವುದಿಲ್ಲ, ಬೆಳವಣಿಗೆಯ ಅಂಶಗಳ ಗ್ರಾಹಕಗಳೂ ರೋಗನಿರೋಧಕ ವ್ಯವಸ್ಥೆಯ ಟಿ-ಕೋಶದ ಗ್ರಾಹಕವೂ ಅದನ್ನು ಟೈರೊಸಿನ್ ಕೈನೇಸ್ ಎಂಬ ಕಿಣ್ವಗಳ ಮೂಲಕ ಎಚ್ಚರಿಸುತ್ತವೆ. ಝೀಟಾ ರೂಪವನ್ನು ವೀರ್ಯಾಣು ಹೊತ್ತು ತಂದು ಅಂಡದೊಳಗೆ ಬಿಡುತ್ತದೆ. ಅಲ್ಲಿ ಏಳುವ ಕ್ಯಾಲ್ಸಿಯಂ ಅಲೆಗಳೇ ಭ್ರೂಣದ ಬೆಳವಣಿಗೆಗೆ ಚಾಲನೆ ಕೊಡುತ್ತವೆ.

ಶುರುವಾದದ್ದು ನಿಲ್ಲಲೂ ಬೇಕಲ್ಲ. ಬೀಟಾ ರೂಪವು ತನ್ನನ್ನು ಎಬ್ಬಿಸಿದ ಜಿ-ಪ್ರೋಟೀನಿನ ಜಿಟಿಪಿಯನ್ನು ಬೇಗ ಒಡೆಯುವಂತೆ ತಾನೇ ಮಾಡಿ, ತನಗೆ ಸಿಕ್ಕ ಅಪ್ಪಣೆಯ ಆಯುಷ್ಯವನ್ನು ತಾನೇ ಮೊಟಕುಗೊಳಿಸುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಸೊಗಸೆನಿಸುವ ಅಂಶ ಇದು. ಜಿ-ಪ್ರೋಟೀನಿನ ಜಿಟಿಪಿ ಒಡೆಯುವ ಈ ಸಾಮರ್ಥ್ಯವೇ ಜೀನಿನ ರೂಪಾಂತರದಿಂದ ಹಾಳಾದರೆ ಸಂದೇಶ ನಿಲ್ಲುವುದೇ ಇಲ್ಲ: ಕಣ್ಣಿನ ಮಧ್ಯಪದರದ ಮೆಲನೋಮಾ ಎಂಬ ಕ್ಯಾನ್ಸರಿನಲ್ಲಿ ಬಹುತೇಕ ಕಂಡುಬರುವ ದೋಷ ಈ ಜಿ-ಪ್ರೋಟೀನು ಅಥವಾ ಅದರ ಹತ್ತಿರದ ಬಂಧುವಿನದು. ಇತ್ತ ಐಪಿ3ಯ ಫಾಸ್ಫೇಟುಗಳು ಒಂದೊಂದಾಗಿ ಕಳಚಿ, ಉಳಿದ ಇನೋಸಿಟಾಲ್ ಮತ್ತೆ ಲಿಪಿಡ್ ಕಟ್ಟಲು ಬಳಕೆಯಾಗುತ್ತದೆ. ಹೋಕಿನ್ ದಂಪತಿ ಕಂಡದ್ದು ಈ ಮರುಕಟ್ಟುವಿಕೆಯನ್ನು.

ಪ್ರಶ್ನೆ: ಇಷ್ಟು ಮುಖ್ಯವಾದ ಕಿಣ್ವವನ್ನೇ ತಡೆಯುವ ಮಾತ್ರೆ ಏಕೆ ಬಳಕೆಯಲ್ಲಿಲ್ಲ?

ಉತ್ತರ: ಹಿಸ್ಟಮಿನ್‌ಗೂ ಆಂಜಿಯೋಟೆನ್ಸಿನ್‌ಗೂ ಓಗೊಡುವುದು ಇದೇ ಕಿಣ್ವದ ಕುಟುಂಬ, ಅದರ ರೂಪಗಳ ಸೀಳುವ ಭಾಗ ಒಂದನ್ನೊಂದು ಬಹಳ ಹೋಲುತ್ತದೆ. ಅಲ್ಲಿ ತಡೆದರೆ ಬೇಕಾದ್ದೂ ಬೇಡವಾದ್ದೂ ಒಟ್ಟಿಗೇ ನಿಲ್ಲುವ ಅಪಾಯವಿದೆ. ಅದಕ್ಕಾಗಿ ವೈದ್ಯರು ಅದರ ಮೇಲೋ ಕೆಳಗೋ ಕೈಹಾಕುತ್ತಾರೆ. ಅಲರ್ಜಿಯ ಮಾತ್ರೆ ಹಿಸ್ಟಮಿನ್‌ನ ಎಚ್1 ಗ್ರಾಹಕವನ್ನೂ, ರಕ್ತದೊತ್ತಡಕ್ಕೆ ಕೊಡುವ ಲೊಸಾರ್ಟಾನ್ ಆಂಜಿಯೋಟೆನ್ಸಿನ್‌ನ ಗ್ರಾಹಕವನ್ನೂ ತಡೆಯುತ್ತವೆ. ಅಂಗಾಂಗ ಕಸಿಯಾದವರಿಗೆ ಕೊಡುವ ಸೈಕ್ಲೊಸ್ಪೊರಿನ್ ಕೆಳಗಿನ ತುದಿಯಲ್ಲಿ, ಟಿ-ಕೋಶದ ಕ್ಯಾಲ್ಸಿಯಂ ಏರಿದ ಮೇಲೆ ಎಚ್ಚರಗೊಳ್ಳುವ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ.