ಹ್ಯಾಂಡಿಕ್ಯಾಪ್ 18 ಅಂದರೆ ಯಾವ 18?

ಪ್ರಶ್ನೆ: ಗಾಲ್ಫ್ ಟೂರ್ನಿಯ ಅರ್ಜಿಯಲ್ಲಿ ‘ಹ್ಯಾಂಡಿಕ್ಯಾಪ್ 18 ಮೀರಬಾರದು’ ಎಂದಿದೆ. ನನ್ನ ಇಂಡೆಕ್ಸ್ 17.6. ಆದರೆ ಆ ಕೋರ್ಸಿನಲ್ಲಿ ನನಗೆ 19 ಬರುತ್ತದಂತೆ. ಹೆಸರು ಕೊಡಬಹುದೇ?
— ಓದುಗರು, ವಿರಾಜಪೇಟೆ

ಉತ್ತರ: ಹ್ಯಾಂಡಿಕ್ಯಾಪ್ ಎಂದರೆ ಆಟಗಾರರ ಮಟ್ಟ ನೋಡಿ ಕೊಡುವ ರಿಯಾಯಿತಿ ಸ್ಟ್ರೋಕ್ (ಹೊಡೆತ); ಇಂಡೆಕ್ಸ್ ಎಂದರೆ ಹಿಂದಿನ ಸ್ಕೋರ್‌ಗಳಿಂದ ತೆಗೆದ, ಎಲ್ಲ ಕೋರ್ಸಿಗೂ ಒಂದೇ ಆದ ಮಟ್ಟದ ಅಂಕಿ. ಮಿತಿ ಇಟ್ಟಿರುವುದು ಇಂಡೆಕ್ಸ್‌ಗಾದರೆ ಧಾರಾಳವಾಗಿ ಕೊಡಿ. 19 ಎಂಬುದು ಕೋರ್ಸ್ ಹ್ಯಾಂಡಿಕ್ಯಾಪ್, ಅಂದರೆ ಆ ಕೋರ್ಸಿನಲ್ಲಿ ನಿಮಗೆ ಸಲ್ಲುವ ಸ್ಟ್ರೋಕ್. ಇಂಡೆಕ್ಸನ್ನು ಸ್ಲೋಪ್‌ನಿಂದ (ನುರಿತವರಿಗೆ ಹೋಲಿಸಿದರೆ ಸಾಮಾನ್ಯ ಆಟಗಾರರಿಗೆ ಕೋರ್ಸ್ ಎಷ್ಟು ಕಷ್ಟ ಎನ್ನುವ ಅಂಕಿ) ಗುಣಿಸಿ 113ರಿಂದ ಭಾಗಿಸಬೇಕು. ಕೋರ್ಸ್ ರೇಟಿಂಗ್‌ನಲ್ಲಿ (ನುರಿತ ಆಟಗಾರರಿಂದ ಅಲ್ಲಿ ನಿರೀಕ್ಷಿಸುವ ಸ್ಕೋರ್) ಪಾರ್ (ಕೋರ್ಸಿಗೆ ನಿಗದಿಯಾದ ಸ್ಟ್ರೋಕ್ ಸಂಖ್ಯೆ) ಕಳೆದು ಉಳಿದದ್ದನ್ನು ಅದಕ್ಕೆ ಕೂಡಿಸಬೇಕು. ಸ್ಲೋಪ್ 125, ರೇಟಿಂಗ್ 71.2, ಪಾರ್ 72 ಎಂದಿಟ್ಟುಕೊಳ್ಳಿ: ನಿಮ್ಮ 17.6 ಅಲ್ಲಿ 18.67, ಅಂದರೆ 19. ವೈಯಕ್ತಿಕ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಸ್ಟ್ರೋಕ್ ಎಣಿಸುವ ಆಟ) ಸಾಮಾನ್ಯವಾಗಿ ಇದರ ಶೇ 95 ಮಾತ್ರ ಕೊಡುತ್ತಾರೆ. ಹಾಗಾಗಿ ಆಡುವಾಗ ನಿಮಗೆ ಸಿಗುವುದು 18 ಸ್ಟ್ರೋಕ್.

ಬರೀ ‘ಹ್ಯಾಂಡಿಕ್ಯಾಪ್’ ಎಂದು ಬರೆದು ಕೈತೊಳೆದುಕೊಳ್ಳುವ ಅರ್ಜಿಗಳಿಂದಲೇ ಮೊದಲ ಟೀಯಲ್ಲಿ (ಆಟ ಶುರುವಾಗುವ ಜಾಗ) ಜಗಳ ಶುರುವಾಗುವುದು. ಸಮಿತಿಯನ್ನು ಮೊದಲೇ ಕೇಳಿ: ಮಿತಿ ಯಾವುದಕ್ಕೆ? ಯಾವ ದಿನದ ಇಂಡೆಕ್ಸ್ ಹಿಡಿಯುತ್ತೀರಿ? ಮಿತಿ ದಾಟಿದವರನ್ನು ಹೊರಗಿಡುತ್ತೀರೋ, 18ಕ್ಕೆ ಇಳಿಸಿ ಆಡಿಸುತ್ತೀರೋ? ಎರಡೂ ನಿಯಮಬದ್ಧವೇ. ದಿನದ ಪ್ರಶ್ನೆ ಮರೆಯಬೇಡಿ. ಸ್ಕೋರ್ ದಾಖಲಾದ ಮರುದಿನವೇ ಇಂಡೆಕ್ಸ್ ಬದಲಾಗುತ್ತದೆ, 17.6 ಇದ್ದದ್ದು ಟೂರ್ನಿಯ ಹೊತ್ತಿಗೆ 18.3 ಆಗಿರಬಹುದು.

ಪ್ರಶ್ನೆ: ಈಗಷ್ಟೇ ಕ್ಲಬ್ ಸೇರಿದ್ದೇನೆ, ಇಂಡೆಕ್ಸ್ ಇಲ್ಲ. ಆಡುವುದು ಹೆಚ್ಚಾಗಿ 9 ಹೋಲ್. ಮಳೆಗಾಲಕ್ಕೆ ಮುಂಚೆ ಸಿಗಬಹುದೇ?
— ಓದುಗರು, ಪೊಲ್ಲಿಬೆಟ್ಟ

ಉತ್ತರ: ಒಟ್ಟು 54 ಹೋಲ್ ಸಾಕು. 18ರ ಮೂರು ಸ್ಕೋರ್ ಕಾರ್ಡ್, 9ರ ಆರು ಕಾರ್ಡ್ ಅಥವಾ ಎರಡೂ ಬೆರೆತರೂ ಆದೀತು. ಕ್ಲಬ್ಬಿಗೆ ಇಂಡಿಯನ್ ಗಾಲ್ಫ್ ಯೂನಿಯನ್ ಮಾನ್ಯತೆ ಇರಬೇಕು, ಕೋರ್ಸಿಗೆ ರೇಟಿಂಗ್, ಸ್ಲೋಪ್ ನಿಗದಿಯಾಗಿರಬೇಕು, ಕಾರ್ಡಿಗೆ ಜೊತೆಗಾರರ ಸಹಿ ಬೇಕು. ಇಂಡೆಕ್ಸ್ ಬರುವ ತನಕ ಒಂದು ಹೋಲಿಗೆ ಪಾರ್‌ಗಿಂತ 5 ಹೆಚ್ಚಿನವರೆಗೆ ಮಾತ್ರ ಲೆಕ್ಕಕ್ಕೆ.

ಆದರೆ ಮೂರೇ ಕಾರ್ಡಿಗೆ ನಿಲ್ಲಬೇಡಿ. ಸ್ಕೋರ್‌ಗಳನ್ನು ಕೋರ್ಸಿನ ಕಷ್ಟಕ್ಕೆ ಹೊಂದಿಸಿದ ಅಂಕಿಗಳಾಗಿಸಿ, ಮೂರರಲ್ಲಿ ಅತ್ಯುತ್ತಮವಾದ ಒಂದನ್ನು ತೆಗೆದುಕೊಂಡು, ಅದರಿಂದಲೂ 2 ಕಳೆಯುತ್ತಾರೆ. ಹೊಸಬರಿಗೆ ಇದು ದುಬಾರಿ. ಅಷ್ಟು ಕಡಿಮೆ ಸ್ಟ್ರೋಕ್ ಹಿಡಿದು ಟೂರ್ನಿಗಿಳಿದರೆ ಬಹುಮಾನದ ಮಾತೇ ಬೇಡ. 20 ಕಾರ್ಡ್ ತುಂಬಿದ ಮೇಲೆ ಉತ್ತಮ 8ರ ಸರಾಸರಿ ಹಿಡಿಯುತ್ತಾರೆ. ಜೂನ್‌ನಿಂದ ಆಟ ನಿಂತಿತೆಂದು ಇಂಡೆಕ್ಸ್ ರದ್ದಾಗುವುದಿಲ್ಲ, ಸದಸ್ಯತ್ವ ಇದ್ದರಾಯಿತು.

ಪ್ರಶ್ನೆ: ಬೇಕೆಂದೇ ಕೆಟ್ಟದಾಗಿ ಆಡಿ ಹ್ಯಾಂಡಿಕ್ಯಾಪ್ ಏರಿಸಿಕೊಳ್ಳುವವರನ್ನು ತಡೆಯುವವರಿಲ್ಲವೇ?
— ಓದುಗರು, ಮಡಿಕೇರಿ

ಉತ್ತರ: ಪೂರ್ತಿ ತಡೆಯಲಾಗದು, ಕಡಿವಾಣವಿದೆ. 20 ಸ್ಕೋರ್ ಇರುವವರಿಗೆ, ವರ್ಷದೊಳಗಿನ ಕನಿಷ್ಠ ಇಂಡೆಕ್ಸ್‌ಗಿಂತ 3ರ ಮೇಲೆ ಏರಿದ್ದರಲ್ಲಿ ಅರ್ಧವನ್ನಷ್ಟೇ ಕೊಡುತ್ತಾರೆ. 5ರ ಮೇಲೆ ಏರಿಕೆಯೇ ಇಲ್ಲ. ಕನಿಷ್ಠ 14.0 ಇದ್ದವರು ಲೆಕ್ಕದಲ್ಲಿ 19.0 ತಲುಪಿದರೆ ಸಿಗುವುದು 18.0. ಮೋಸ ಕಂಡರೆ ಕ್ಲಬ್ಬಿನ ಹ್ಯಾಂಡಿಕ್ಯಾಪ್ ಸಮಿತಿಗೆ ಬರೆದುಕೊಡಿ; ಇಂಡೆಕ್ಸ್ ಇಳಿಸುವ ಅಧಿಕಾರ ಅದಕ್ಕಿದೆ.