ಓದುಗರ ಪ್ರಶ್ನೆ, ನಮ್ಮ ಉತ್ತರ: ತರಗತಿಯ ಕೆಲಸಕ್ಕೆಷ್ಟು ತೂಕ, ಪರೀಕ್ಷೆಗೆಷ್ಟು?

ಪ್ರಶ್ನೆ: ನನ್ನ ಮಗಳಿಗೆ ಈ ಅವಧಿಯಲ್ಲಿ ದಿನನಿತ್ಯದ ತರಗತಿ ಕೆಲಸದಲ್ಲಿ ಸರಾಸರಿ ಶೇ. 92 ಮತ್ತು ದೊಡ್ಡ ಪರೀಕ್ಷೆಗಳಲ್ಲಿ ಸರಾಸರಿ ಶೇ. 71 ಬಂದಿದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 81.5 ಆಗುತ್ತದೆ. ಆದರೆ ಅಂಕಪಟ್ಟಿಯಲ್ಲಿ 79.4 ಎಂದು ಬರೆದಿದ್ದಾರೆ. ತರಗತಿ ಕೆಲಸಕ್ಕೆ ಶೇ. 40, ಪರೀಕ್ಷೆಗಳಿಗೆ ಶೇ. 60 ವೇಟೇಜ್ ಎಂದು ಮೊದಲೇ ತಿಳಿಸಿದ್ದರು. ಲೆಕ್ಕ ತಪ್ಪಾಗಿದೆಯೇ?
– ಒಬ್ಬ ತಾಯಿ

ಉತ್ತರ: ಅಂಕಪಟ್ಟಿಯ ಲೆಕ್ಕ ಸರಿಯಾಗಿಯೇ ಇದೆ. ನೀವು ಮಾಡಿದ ಲೆಕ್ಕ ಎರಡೂ ವಿಭಾಗಗಳಿಗೆ ಸಮಪಾಲು ಇದ್ದಾಗ ಮಾತ್ರ ಹೊಂದುತ್ತದೆ. ಪಾಲು ಬೇರೆಬೇರೆಯಾಗಿದ್ದಾಗ ಪ್ರತಿ ವಿಭಾಗದ ಶೇಕಡಾ ಸರಾಸರಿಯನ್ನು ಆ ವಿಭಾಗಕ್ಕೆ ನಿಗದಿಪಡಿಸಿದ ತೂಕದಿಂದ ಗುಣಿಸಿ, ನೂರರಿಂದ ಭಾಗಿಸಿ, ಬಂದ ಮೊತ್ತಗಳನ್ನು ಕೂಡಿಸಬೇಕು. ಗಣಿತದಲ್ಲಿ ಇದನ್ನು ತೂಕದ ಸರಾಸರಿ ಎನ್ನುತ್ತಾರೆ. ನಿಮ್ಮ ಮಗಳ ಲೆಕ್ಕದಲ್ಲಿ 92 × 40 ÷ 100 = 36.8, ಹಾಗೆಯೇ 71 × 60 ÷ 100 = 42.6, ಎರಡೂ ಸೇರಿ 79.4. ಆಕೆಯ ಎರಡು ಸರಾಸರಿಗಳ ನಡುವೆ 21 ಅಂಕಗಳ ಅಂತರವಿದೆ, ಸಮಪಾಲಿಗಿಂತ ಶೇ. 10ರಷ್ಟು ತೂಕ ಪರೀಕ್ಷೆಗಳ ಕಡೆಗೆ ಸರಿದಿರುವುದರಿಂದ ಆ ಅಂತರದ ಹತ್ತನೆಯ ಒಂದು ಭಾಗ, ಅಂದರೆ 2.1 ಅಂಕ, ಕಡಿಮೆಯಾಗಿದೆ. ಪರೀಕ್ಷೆಯಲ್ಲಿ 92, ತರಗತಿ ಕೆಲಸದಲ್ಲಿ 71 ಬಂದಿದ್ದರೆ ಇದೇ 2.1 ಅಂಕ ಹೆಚ್ಚಾಗಿ 83.6 ಆಗುತ್ತಿತ್ತು.

ಇಲ್ಲಿ ಇನ್ನೂ ಒಂದು ವಿಷಯವನ್ನು ಮಗಳೊಂದಿಗೆ ಕುಳಿತು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ತೂಕ ಇರುವುದು ಇಡೀ ವಿಭಾಗಕ್ಕೆ. ಅದರೊಳಗಿನ ಒಂದೊಂದು ಕೆಲಸಕ್ಕೆ ಬರುವುದು ಅದರ ಪಾಲು ಮಾತ್ರ. ಅವಧಿಯಲ್ಲಿ ಸಮಾನ ಬೆಲೆಯ 20 ತರಗತಿ ಕೆಲಸಗಳು ಮತ್ತು 2 ಪರೀಕ್ಷೆಗಳಿದ್ದರೆ, ಒಂದು ಕೆಲಸಕ್ಕೆ ಅಂತಿಮ ಫಲಿತಾಂಶದಲ್ಲಿ ಶೇ. 2, ಒಂದು ಪರೀಕ್ಷೆಗೆ ಶೇ. 30 ತೂಕ ಬರುತ್ತದೆ. ನೂರಕ್ಕೆ ಹತ್ತು ಅಂಕ ತರಗತಿ ಕೆಲಸವೊಂದರಲ್ಲಿ ಹೋದರೆ ಅಂತಿಮ ಫಲಿತಾಂಶದಲ್ಲಿ 0.2 ಅಂಕ ಇಳಿಯುತ್ತದೆ. ಅದೇ ಹತ್ತು ಅಂಕ ಪರೀಕ್ಷೆಯೊಂದರಲ್ಲಿ ಹೋದರೆ 3 ಅಂಕ ಇಳಿಯುತ್ತದೆ. ಒಂದು ದಿನದ ಕೆಲಸ ಕೆಟ್ಟಿತೆಂದು ಅತ್ತು ಮಲಗುವ ಮಕ್ಕಳಿಗೆ ಈ 0.2ನ್ನು ಕಾಗದದ ಮೇಲೆ ಬರೆದು ತೋರಿಸುವುದು ಹತ್ತು ಸಮಾಧಾನದ ಮಾತುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನಮ್ಮ ವಿಷಯವೊಂದರಲ್ಲಿ ತರಗತಿ ಕೆಲಸಕ್ಕೆ ಶೇ. 40, ಮಧ್ಯಾವಧಿ ಪರೀಕ್ಷೆಗೆ ಶೇ. 20, ಅಂತಿಮ ಪರೀಕ್ಷೆಗೆ ಶೇ. 40 ತೂಕವಿದೆ. ತರಗತಿ ಕೆಲಸವೆಲ್ಲ ಮುಗಿದು 85 ಬಂದಿದೆ, ಮಧ್ಯಾವಧಿಯಲ್ಲಿ 60. ಲೆಕ್ಕ ಹಾಕಿದರೆ ಬರೀ 46 ಬರುತ್ತಿದೆ. ನಾನು ಅನುತ್ತೀರ್ಣನಾಗುವ ಸ್ಥಿತಿಯಲ್ಲಿದ್ದೇನೆಯೇ? 75 ತಲುಪಲು ಅಂತಿಮ ಪರೀಕ್ಷೆಯಲ್ಲಿ ಎಷ್ಟು ಬರಬೇಕು?
– ಒಬ್ಬ ವಿದ್ಯಾರ್ಥಿ

ಉತ್ತರ: ದಯವಿಟ್ಟು ಗಾಬರಿಯಾಗಬೇಡಿ. ನೀವು ಪಡೆದಿರುವ 46, ನೂರಕ್ಕೆ ಪಡೆದದ್ದಲ್ಲ. ಇದುವರೆಗೆ ನಡೆದಿರುವ ಮೌಲ್ಯಮಾಪನದ ತೂಕವಾದ 60ಕ್ಕೆ ಪಡೆದದ್ದು. ಸದ್ಯದ ಸ್ಥಿತಿಯನ್ನು ತಿಳಿಯಬೇಕಾದರೆ 46ನ್ನು 60ರಿಂದ ಭಾಗಿಸಿ ನೂರರಿಂದ ಗುಣಿಸಬೇಕು; ಆಗ ಸುಮಾರು 76.7 ಬರುತ್ತದೆ. ಇನ್ನೂ ಬರೆಯದ ಪರೀಕ್ಷೆಯನ್ನು ಸೊನ್ನೆ ಎಂದು ಎಣಿಸಿದ್ದರಿಂದ ನಿಮಗೆ ಹಾಗೆ ಕಂಡಿತು.

75 ತಲುಪಲು ಇನ್ನು 29 ಅಂಕ ಬೇಕು. ಅದನ್ನು ಅಂತಿಮ ಪರೀಕ್ಷೆಯ ತೂಕವಾದ 0.40ರಿಂದ ಭಾಗಿಸಿದರೆ 72.5 ಬರುತ್ತದೆ, ನೂರಕ್ಕೆ 73 ಬಂದರೆ ನಿಮ್ಮ ಗುರಿ ಮುಟ್ಟುತ್ತದೆ. ಅಂತಿಮ ಪರೀಕ್ಷೆಯಲ್ಲಿ ಪೂರ್ಣಾಂಕ ಬಂದರೂ ಒಟ್ಟು ಫಲಿತಾಂಶ 86ನ್ನು ದಾಟದು. ಯಾರಾದರೂ 90ರ ಆಸೆ ಹುಟ್ಟಿಸಿದರೆ ಅದಕ್ಕೆ 110 ಅಂಕ ಬೇಕಾಗುತ್ತದೆ ಎಂಬುದು ನಿಮಗೆ ತಿಳಿದಿರಲಿ.

ಪ್ರಶ್ನೆ: ನಾನು ಶಿಕ್ಷಕಿ. ನನ್ನ ತರಗತಿ ಕೆಲಸಗಳಲ್ಲಿ ಕೆಲವು 10 ಅಂಕಗಳಿಗೆ, ಕೆಲವು 20ಕ್ಕೆ, ಕೆಲವು 50ಕ್ಕೆ ಇರುತ್ತವೆ. ಎಲ್ಲವನ್ನೂ ಒಟ್ಟುಗೂಡಿಸಬೇಕೋ, ಪ್ರತಿಯೊಂದರ ಶೇಕಡಾ ತೆಗೆದು ಸರಾಸರಿ ಮಾಡಬೇಕೋ? ಗೈರುಹಾಜರಾದವರಿಗೆ ಸೊನ್ನೆ ಹಾಕಬೇಕೇ? ಅತಿ ಕಡಿಮೆ ಅಂಕದ ಒಂದು ಕೆಲಸವನ್ನು ಕೈಬಿಡುವುದು ಸರಿಯೇ?
– ಒಬ್ಬ ಶಿಕ್ಷಕಿ

ಉತ್ತರ: ಒಬ್ಬ ವಿದ್ಯಾರ್ಥಿಗೆ 10ಕ್ಕೆ 9, 20ಕ್ಕೆ 18, 50ಕ್ಕೆ 35 ಬಂದಿದೆ ಎಂದುಕೊಳ್ಳಿ. ಶೇಕಡಾಗಳು ಕ್ರಮವಾಗಿ 90, 90 ಮತ್ತು 70. ಅವುಗಳ ಸರಾಸರಿ 83.3. ಅಂಕಗಳನ್ನೇ ಕೂಡಿಸಿದರೆ 80ಕ್ಕೆ 62, ಅಂದರೆ 77.5. ಒಂದೇ ವಿದ್ಯಾರ್ಥಿ, ಅವೇ ಮೂರು ಕೆಲಸಗಳು, ಆದರೂ ಸುಮಾರು ಆರು ಅಂಕಗಳ ವ್ಯತ್ಯಾಸ. ಮೊದಲ ಕ್ರಮದಲ್ಲಿ ಹತ್ತು ನಿಮಿಷದ ಕಿರುಪರೀಕ್ಷೆಗೂ ವಾರವಿಡೀ ಮಾಡಿದ ಯೋಜನೆಗೂ ಒಂದೇ ಬೆಲೆ. ಎರಡನೆಯದರಲ್ಲಿ ಅಂಕ ಹೆಚ್ಚಿದ್ದ ಕೆಲಸವೇ ಫಲಿತಾಂಶವನ್ನು ಎಳೆಯುತ್ತದೆ. ಶ್ರಮಕ್ಕೆ ತಕ್ಕಂತೆ ಪೂರ್ಣಾಂಕ ನಿಗದಿಪಡಿಸಿದ್ದರೆ ಅಂಕಗಳನ್ನು ಕೂಡಿಸುವುದೇ ನ್ಯಾಯವೆಂಬುದು ನನ್ನ ಅಭಿಪ್ರಾಯ. ಪೂರ್ಣಾಂಕಗಳನ್ನು ಅನುಕೂಲಕ್ಕೆಂದು ಹೇಗೋ ಇಟ್ಟಿದ್ದರೆ ಶೇಕಡಾ ತೆಗೆಯುವುದು ಒಳ್ಳೆಯದು. ಯಾವುದನ್ನೇ ಆರಿಸಿಕೊಂಡರೂ ಮೊದಲ ಕೆಲಸ ಕೊಡುವ ಮುನ್ನವೇ ಮಕ್ಕಳಿಗೆ ತಿಳಿಸಿ; ಅಂಕಗಳು ಬಂದ ಮೇಲೆ ಕ್ರಮವನ್ನು ಬದಲಿಸುವುದು ಮಾತ್ರ ಖಂಡಿತ ಬೇಡ.

ಸೊನ್ನೆಯ ವಿಚಾರದಲ್ಲಿ ಇನ್ನಷ್ಟು ಎಚ್ಚರ ಬೇಕು. ಸಮಾನ ಬೆಲೆಯ ಹತ್ತು ಕೆಲಸಗಳಲ್ಲಿ ಒಂಬತ್ತಕ್ಕೆ 90ರಂತೆ ಪಡೆದ ವಿದ್ಯಾರ್ಥಿಗೆ ಹತ್ತನೆಯದರಲ್ಲಿ ಸೊನ್ನೆ ಬಿದ್ದರೆ ಸರಾಸರಿ 81ಕ್ಕೆ ಇಳಿಯುತ್ತದೆ. ತರಗತಿ ಕೆಲಸಕ್ಕೆ ಶೇ. 40 ತೂಕವಿದ್ದರೆ ಅಂತಿಮ ಫಲಿತಾಂಶದಲ್ಲಿ 3.6 ಅಂಕ ಹೋಗುತ್ತದೆ, ಉಳಿದ ಶೇ. 60 ತೂಕದ ಪರೀಕ್ಷೆಗಳಿಂದ ಅದನ್ನು ತುಂಬಿಕೊಳ್ಳಲು ಆ ವಿದ್ಯಾರ್ಥಿ ಪರೀಕ್ಷಾ ಸರಾಸರಿಯನ್ನು 6 ಅಂಕ ಮೇಲಕ್ಕೇರಿಸಬೇಕು. ಜ್ವರದಿಂದ ಮಲಗಿದ್ದ ಮಗುವಿಗೆ ಈ ಹೊರೆ ಹೊರಿಸುವುದನ್ನು ನಾನು ಒಪ್ಪಲಾರೆ. ಕಾರಣವಿದ್ದು ಗೈರಾದವರ ಅಂಕ ಬರೆಯುವ ಮನೆಯನ್ನು ಪಟ್ಟಿಯಲ್ಲಿ ಖಾಲಿ ಬಿಟ್ಟು ಒಂಬತ್ತರಿಂದಲೇ ಭಾಗಿಸಿ. ಬೇಕೆಂದೇ ಕೆಲಸ ಒಪ್ಪಿಸದವರಿಗೆ ಸೊನ್ನೆ ಬರೆಯಿರಿ. ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಸರಾಸರಿ ತೆಗೆಯುವಾಗ ಖಾಲಿ ಬಿಟ್ಟ ಮನೆ ಎಣಿಕೆಗೆ ಬರುವುದಿಲ್ಲ, ಸೊನ್ನೆ ಬರೆದ ಮನೆ ಬರುತ್ತದೆ ಎಂಬುದನ್ನು ಭರ್ತಿ ಮಾಡುವಾಗ ನೆನಪಿನಲ್ಲಿಡಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಇನ್ನೊಂದು ಮಾತಿದೆ. ತರಗತಿ ಕೆಲಸದಲ್ಲಿ ಎಲ್ಲರಿಗೂ 90ರಿಂದ 98ರೊಳಗೆ ಅಂಕ ಬಂದು, ಪರೀಕ್ಷೆಯಲ್ಲಿ 40ರಿಂದ 95ರವರೆಗೆ ಹರಡಿಕೊಂಡಿದ್ದರೆ, 40–60ರ ಹಂಚಿಕೆಯಲ್ಲಿ ತರಗತಿ ಕೆಲಸದಿಂದ ಇಬ್ಬರ ನಡುವೆ ಹೆಚ್ಚೆಂದರೆ 3.2 ಅಂಕದ ಅಂತರ ಬರುತ್ತದೆ, ಪರೀಕ್ಷೆಯಿಂದ 33 ಅಂಕದವರೆಗೆ ಬರಬಹುದು. ಕಾಗದದ ಮೇಲೆ ಶೇ. 40 ತೂಕವಿದ್ದರೂ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಬಹುಪಾಲು ಪರೀಕ್ಷೆಯೇ ತೀರ್ಮಾನಿಸುತ್ತದೆ. ದಿನನಿತ್ಯದ ದುಡಿಮೆಗೆ ನಿಜವಾಗಿ ಬೆಲೆ ಕೊಡಬೇಕೆಂದಿದ್ದರೆ ಅದರ ತೂಕವನ್ನು ಹೆಚ್ಚಿಸಿದರಷ್ಟೇ ಸಾಲದು. ಚೆನ್ನಾಗಿ ಮಾಡಿದ್ದಕ್ಕೂ ಹೇಗೋ ಮುಗಿಸಿದ್ದಕ್ಕೂ ವ್ಯತ್ಯಾಸ ಕಾಣುವಂತೆ ಅಂಕ ಕೊಡಬೇಕು.

ದಶಮಾಂಶವನ್ನು ಪೂರ್ಣ ಸಂಖ್ಯೆಯಾಗಿಸುವ ಕೆಲಸವನ್ನು ಕಟ್ಟಕಡೆಗೆ ಒಮ್ಮೆ ಮಾತ್ರ ಮಾಡಿ. ಮೇಲಿನ ತಾಯಿಯ ಲೆಕ್ಕದಲ್ಲಿ 36.8ನ್ನು 37 ಮತ್ತು 42.6ನ್ನು 43 ಮಾಡಿ ಕೂಡಿಸಿದರೆ 80 ಬರುತ್ತದೆ, ಸರಿಯಾದ 79.4 ಪೂರ್ಣ ಸಂಖ್ಯೆಗೆ ಬಂದಾಗ 79 ಆಗುತ್ತದೆ.

ಕಡಿಮೆ ಅಂಕದ ಒಂದು ಕೆಲಸವನ್ನು ಕೈಬಿಡುವ ಪದ್ಧತಿ ಒಳ್ಳೆಯದೇ, ಆದರೆ ಆರಿಸುವಾಗ ಶೇಕಡಾವನ್ನು ನೋಡಬೇಕು. ಮೊದಲು ಹೇಳಿದ ವಿದ್ಯಾರ್ಥಿಯ ಮೂರು ಕೆಲಸಗಳಲ್ಲಿ ಅತಿ ಚಿಕ್ಕ ಸಂಖ್ಯೆ 9. ಅದನ್ನು ಕೈಬಿಟ್ಟರೆ 70ಕ್ಕೆ 53 ಉಳಿದು ಸರಾಸರಿ 77.5ರಿಂದ 75.7ಕ್ಕೆ ಕುಸಿಯುತ್ತದೆ. ನಿಜವಾಗಿ ಹಿಂದೆ ಬಿದ್ದ ಕೆಲಸ 50ಕ್ಕೆ 35 ಬಂದದ್ದು. ಅದನ್ನು ಬಿಟ್ಟರೆ 30ಕ್ಕೆ 27, ಅಂದರೆ ಶೇ. 90. ಇಷ್ಟು ದೊಡ್ಡ ಏರಿಕೆ ಬೇಡವೆನಿಸಿದರೆ 10 ಮತ್ತು 20 ಅಂಕಗಳ ಕೆಲಸಗಳಲ್ಲಿ ಮಾತ್ರ ಒಂದನ್ನು ಕೈಬಿಡಲಾಗುವುದು ಎಂದು ಆರಂಭದಲ್ಲೇ ನಿಯಮ ಮಾಡಿಕೊಳ್ಳಬಹುದು.